ಟೊರೊಂಟೊ–ದೆಹಲಿ: ಸ್ಕ್ರೀನ್ ಮೇಲೆ 14 ಗಂಟೆ

2025ರ ಏಪ್ರಿಲ್ 24. ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದೆ ಅನ್ನೋ ಸುದ್ದಿ ಬಂದಾಗ ಟೊರೊಂಟೊದಲ್ಲಿ ಇನ್ನೂ ಬೆಳಗ್ಗೆ. ಕಂಪನಿಯ ಟ್ರಾವೆಲ್ ಡೆಸ್ಕಿನಲ್ಲಿ ಟಿಕೆಟ್ ನೋಡಿಕೊಳ್ಳುವವನು ನಾನು. ನಮ್ಮ ಎಂಜಿನಿಯರ್ ಒಬ್ಬರು ಅವತ್ತೇ ಅಲ್ಲಿಂದ ಭಾರತದ್ದೇ ವಿಮಾನದಲ್ಲಿ ದೆಹಲಿಗೆ ಹೊರಡುವವರಿದ್ದರು. ದೆಹಲಿಯಿಂದ ಬೆಂಗಳೂರಿಗೆ ಬೇರೆ ಏರ್‌ಲೈನ್, ಬೇರೆ ಪಿಎನ್‌ಆರ್, ಅಂದ್ರೆ ಬೇರೆಯದೇ ಬುಕಿಂಗ್: ಮೊದಲ ವಿಮಾನ ತಡವಾದರೆ ಎರಡನೆಯದರವರಿಗೆ ಸಂಬಂಧವಿಲ್ಲ. ನಡುವೆ ಐದು ಗಂಟೆ ಗ್ಯಾಪ್. ಹೀಗೆ ಎರಡು ತುಂಡು ಮಾಡಿದ್ದು ಯಾಕೆ ಅಂದ್ರೆ, ಒಂದೇ ಪಿಎನ್‌ಆರ್ ಹಾಕಿದ್ದರೆ ಫೈನಾನ್ಸ್‌ನವರು ಅಪ್ರೂವ್ ಮಾಡುತ್ತಿರಲಿಲ್ಲ.

ಪಕ್ಕದ ಡೆಸ್ಕಿನ ಮೇಡಂ ಕೇಳಿದರು: 'ಡೊಮೆಸ್ಟಿಕ್ ಮುಂದಕ್ಕೆ ಹಾಕೋಣ್ವಾ ಸರ್?'

ನಾನು ಜಾಣನಂತೆ ಉತ್ತರಿಸಿದೆ. ಆ ದಾರಿ ಗ್ರೀನ್‌ಲ್ಯಾಂಡ್ ಕಡೆಯಿಂದ ಮೇಲೆ ಹತ್ತಿ, ರಷ್ಯಾ ದಾಟಿ ಬರುತ್ತೆ, ನಮಗೇನೂ ಆಗಲ್ಲ ಅಂದೆ. ಸುಮಾರು 11,600 ಕಿಲೋಮೀಟರಿನಲ್ಲಿ ಹೆಚ್ಚು ಪಾಲು ಅದು ನಿಜವೇ. ಆದರೆ ಮಧ್ಯ ಏಷ್ಯಾ ದಾಟಿದ ಮೇಲೆ ದೆಹಲಿಗೆ ಇಳಿಯುವ ಬಾಗಿಲು ಅಫ್ಘಾನಿಸ್ತಾನ, ಪಾಕಿಸ್ತಾನದ ಮೇಲೇ ಇರೋದು. ಆಚೆ ಟಿಬೆಟ್ ಕಡೆಯಿಂದ ಬರೋಣ ಅಂದರೆ, ತುರ್ತಾಗಿ ಎತ್ತರ ಇಳಿಸಬೇಕಾಗಿ ಬಂದಾಗ ಕೆಳಗೆ ಬರೀ ಪರ್ವತ. ಉಳಿದದ್ದು ಪಶ್ಚಿಮಕ್ಕೆ ಬಳಸಿ, ಕೊಲ್ಲಿಯ ಕಡೆ ಇಳಿದು, ಅರಬ್ಬಿ ಸಮುದ್ರದ ಮೇಲಿಂದ ಬರುವ ದಾರಿ. ಟ್ಯಾಂಕು ಅದಕ್ಕೆ ಸಾಲಬೇಕಲ್ವಾ?

ಇದೆಲ್ಲ ಆಗ ತಲೆಗೆ ಹೊಳೆಯಲಿಲ್ಲ. ಸ್ಕ್ರೀನ್ ನೋಡಿದೆ. ಸ್ಟೇಟಸ್ ಎಚ್‌ಕೆ, ಅಂದ್ರೆ ಸೀಟು ಕನ್ಫರ್ಮ್; ಸಮಯ ಬದಲಾಗಿಲ್ಲ. ಅದನ್ನೇ ನಂಬಿ ಮನೆಗೆ ಹೋದೆ. ಅಪ್ರೂವಲ್ ಮೇಲ್ ಹಾಕುವ ಸೋಮಾರಿತನವೂ ಸ್ವಲ್ಪ ಇತ್ತು ಅನ್ನಿ.

ಬೆಳಗ್ಗೆ ಎದ್ದು ಟ್ರ್ಯಾಕರ್ ತೆರೆದರೆ ವಿಮಾನ ಯೂರೋಪಿನಲ್ಲಿ ನೆಲದ ಮೇಲೆ ನಿಂತಿದೆ. ಇಂಧನಕ್ಕೆ. ಆ ದಿನಗಳಲ್ಲಿ ಉತ್ತರ ಅಮೆರಿಕದಿಂದ ಬರುವ ಕೆಲವು ವಿಮಾನಗಳು ಕೋಪನ್‌ಹೇಗನ್, ವಿಯೆನ್ನಾಗಳಲ್ಲಿ ಹೀಗೆ ಇಳಿದವು. ನಾನು ಹಲ್ಲೂ ಉಜ್ಜದೆ ಲೆಕ್ಕ ಹಾಕಿದೆ. ದೆಹಲಿಯಲ್ಲಿ ಇಮಿಗ್ರೇಷನ್, ಬ್ಯಾಗಿನ ಬೆಲ್ಟ್, ಕಸ್ಟಮ್ಸ್, ಟರ್ಮಿನಲ್ 3ರಿಂದ ಟರ್ಮಿನಲ್ 1ಕ್ಕೆ ಶಟಲ್ ಬಸ್. ಐದು ಗಂಟೆಯಲ್ಲಿ ಉಳಿದದ್ದು ಸೊನ್ನೆ. ಐಕಾನ್ ಮತ್ತೆ ಅಲುಗುವ ತನಕ ಪೇಜ್ ರಿಫ್ರೆಶ್ ಮಾಡುತ್ತಲೇ ಇದ್ದೆ, ನಾನು ಒತ್ತಿದರೆ ಅದು ಬೇಗ ಹೊರಡುತ್ತೇನೋ ಅನ್ನೋ ಹಾಗೆ. ಅಷ್ಟರಲ್ಲಿ ಡೊಮೆಸ್ಟಿಕ್ ಬದಲಾಯಿಸಿದ್ದರೆ ಚೇಂಜ್ ಫೀ ಮಾತ್ರ ಹೋಗುತ್ತಿತ್ತು. ಅದಕ್ಕೆ ಅಪ್ರೂವಲ್ ಕೊಡಬೇಕಾದ ಮ್ಯಾನೇಜರ್ ಫೋನ್ ಎತ್ತಲಿಲ್ಲ. ಎತ್ತುವ ಹೊತ್ತಿಗೆ ಬದಲಾಯಿಸುವ ಕಟಾಫ್ ಮುಗಿದು, ಪ್ರಯಾಣಿಕ ಬರಲೇ ಇಲ್ಲ ಅಂತ ನೋ-ಶೋ ಬಿತ್ತು.

ಎಂಜಿನಿಯರ್ ದೆಹಲಿಯಿಂದ ಫೋನ್ ಮಾಡಿ ಬೈಯಲಿಲ್ಲ. 'ಸರ್, ಮಲಗೋಕೆ ಒಂದು ರೂಮ್ ಸಿಗುತ್ತಾ' ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಸರ್ಕ್ಯುಲರ್ ಬಂತು: ದೆಹಲಿಯಲ್ಲಿ ಕನಿಷ್ಠ ಎಂಟು ಗಂಟೆ ಗ್ಯಾಪ್ ಇರಲೇಬೇಕು. ಒಂದೇ ಪಿಎನ್‌ಆರ್ ಬಗ್ಗೆ ಮಾತೇ ಇಲ್ಲ. ಈಗ ಅದೇ ಫೈನಾನ್ಸ್‌ನವರು ಪ್ರತಿ ತಿಂಗಳು ಕೇಳುತ್ತಾರೆ, ಲಾಂಜ್ ಬಿಲ್ ಯಾಕೆ ಇಷ್ಟು ಜಾಸ್ತಿ ಅಂತ.