ಐದು ಅಂಚಿನ ಗೊಂಬೆ

ಜಪಾನಿನ ಗುನ್ಮಾ ಕಡೆ ಹೋದವರು ಇಕಾಹೊ ಅನ್ನುವ ಬಿಸಿನೀರ ಬುಗ್ಗೆಯ ಊರನ್ನು ನೋಡದೆ ಬರುವುದಿಲ್ಲ. 365 ಕಲ್ಲಿನ ಮೆಟ್ಟಿಲು, ಬಿಸಿನೀರಿನ ಸ್ನಾನ, ಆಮೇಲೆ ಗಡದ್ದು ನಿದ್ದೆ. ನಾನು, ಮೈಸೂರಿನಿಂದ ಬಂದಿದ್ದ ತಂಗಿ ಇಬ್ಬರೂ ಅದನ್ನೇ ಮಾಡಿದೆವು. ಮಾರನೇ ದಿನ ಹತ್ತಿರದ ಕೊಕೆಶಿ ಕಾರ್ಖಾನೆಗೆ ಹೋದೆವು.

ಕೊಕೆಶಿ ಅಂದರೆ ಮರದ ಗೊಂಬೆ. ದುಂಡು ತಲೆ, ಕಂಬದಂಥ ಮೈ, ಕೈಕಾಲು ಇಲ್ಲ. ಹುಟ್ಟಿದ್ದು ಉತ್ತರದ ತೊಹೊಕು ಸೀಮೆಯಲ್ಲಿ. ಅಲ್ಲಿ ಒಂದೊಂದು ಊರಿಗೂ ಅದರದೇ ನಮೂನೆ, ಮನೆತನದಲ್ಲಿ ಬಂದದ್ದು. ಗುನ್ಮಾದಲ್ಲಿ ಆ ಕಟ್ಟುಪಾಡಿಲ್ಲ. ಮಾಡುವವರಿಗೆ ತೋಚಿದ್ದೇ ಗೊಂಬೆ. ಲೇತಿನಲ್ಲಿ ಮಿಜುಕಿ ಅನ್ನುವ ಬಿಳಿ ಮರ ತಿರುಗುತ್ತಿತ್ತು. ನಮ್ಮ ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗು ಒತ್ತುತ್ತಾರಲ್ಲ, ಇಲ್ಲಿ ಬಣ್ಣಕ್ಕೆ ಕುಂಚ.

ಮಳಿಗೆಯಲ್ಲಿ ಕಣ್ಣಿಗೆ ಬಿದ್ದದ್ದು ಹೇಯಾನ್ ಕಾಲದ (794–1185) ಅರಮನೆ ಹೆಂಗಸು. ಬೆನ್ನು ತುಂಬ ಕಪ್ಪು ಕೂದಲು. ಮೈಗೆಲ್ಲ ಬಣ್ಣ ಬಳಿದಿರಲಿಲ್ಲ, ಮರದ ಗೆರೆಗಳನ್ನು ಹಾಗೇ ಬಿಟ್ಟಿದ್ದರು. ಕೊರಳಲ್ಲಿ ಮತ್ತು ಉಡುಗೆಯ ತೋಳಿನ ಅಂಚಲ್ಲಿ ಮಾತ್ರ ಒಂದರೊಳಗೊಂದು ಐದು ಗೆರೆ, ಕಡುಗೆಂಪಿನಿಂದ ತಿಳಿಗುಲಾಬಿಯವರೆಗೆ.

"ಅಕ್ಕಾ, ಇಷ್ಟು ದುಡ್ಡಿಗೆ ಒಂದು ಕೈ ಆದರೂ ಬೇಡ್ವಾ?" ಅಂದಳು ತಂಗಿ.

ಗೊಂಬೆ ಉಟ್ಟಿದ್ದು ಜುನಿಹಿತೊಎ, ಅಂದರೆ ಹನ್ನೆರಡು ಪದರದ ಉಡುಗೆ. 2019ರಲ್ಲಿ ಚಕ್ರವರ್ತಿಯ ಪಟ್ಟಾಭಿಷೇಕದ ದಿನ ಮಹಾರಾಣಿ ಮಸಾಕೊ ಉಟ್ಟಿದ್ದೂ ಇದನ್ನೇ. ಹನ್ನೆರಡು ಪದರ ಅನ್ನುವುದು ಬಾಯಿಮಾತು. ಒಳಗಿನ ಬಣ್ಣದ ನಿಲುವಂಗಿಗಳು ಕೊನೆಗೆ ಐದಕ್ಕೆ ನಿಂತವು.

ಆ ಕಾಲದ ದೊಡ್ಡ ಮನೆತನದ ಹೆಂಗಸರು ಹೊರಗಿನವರಿಗೆ ಮುಖ ತೋರಿಸುತ್ತಿರಲಿಲ್ಲ. ಬಿದಿರಿನ ಪರದೆ ಹಿಂದೆ ಕೂತು, ಉಡುಗೆಯ ತೋಳಿನ ಅಂಚನ್ನಷ್ಟೇ ಕೆಳಗಿನಿಂದ ಹೊರಗೆ ಇಳಿಬಿಡುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹೋಗುವಾಗಲೂ ಅಷ್ಟೇ. ಜನ ಅವಳ ಅಭಿರುಚಿ ಅಳೆಯುತ್ತಿದ್ದದ್ದು ಆ ಬಣ್ಣಗಳ ಜೋಡಣೆಯಿಂದ. ಋತುವಿಗೆ ಹೊಂದದ ಬಣ್ಣ ಉಟ್ಟರೆ ಮುಗೀತು, ಮಾನ ಹೋದಂತೆ! ಹಾಗಾಗಿ ಈ ಗೊಂಬೆಗೆ ಕೈ ಬೇಕಾಗಿಯೇ ಇಲ್ಲ. ರೇಷ್ಮೆ ಸುತ್ತಿ, ಬೆರಳು ಕೆತ್ತಿ, ಬೀಸಣಿಗೆ ಹಿಡಿಸಿದ ದುಬಾರಿ ಗೊಂಬೆಗಳನ್ನೂ ನೋಡಿದ್ದೇನೆ. ನನಗೆ ಇದೇ ಜಾಸ್ತಿ ನಿಜ ಅನ್ನಿಸಿತು.

ಇದನ್ನೆಲ್ಲ ಹೇಳಿದ ಮೇಲೆ ತಂಗಿಯೇ ಅದನ್ನು ಕೊಂಡಳು. ದಸರೆಗೆ ಪಟ್ಟದ ಗೊಂಬೆಗಳ ಪಕ್ಕ ಇಡುತ್ತಾಳಂತೆ. ಅಮ್ಮ ಕೆಳಗಿನ ಮೆಟ್ಟಿಲಿಗೆ ಇಳಿಸದಿದ್ದರೆ ಸಾಕು.