ನರದ ನೋವಿಗೆ ಜಗ್ಗಾಟ ಬೇಡ

ಜಯನಗರದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ದಿನವೂ ನೋಡುವ ಕುತ್ತಿಗೆ ನೋವಿನಲ್ಲಿ ಕೆಲವು ಬರೀ ಸ್ನಾಯು ಬಿಗಿದದ್ದು, ಕೆಲವು ನರದ್ದು. ನರದ್ದಾದರೆ ಭುಜದಿಂದ ತೋಳಿಗಿಳಿದು ಬೆರಳಿಗೆ ಜೋಮು ಹಿಡಿಸುತ್ತದೆ. ಸ್ನಾಯುವಿಗೆ ಹೇಳಿದ ಸ್ಟ್ರೆಚಿಂಗನ್ನೇ ನರದ ನೋವಿಗೂ ಮಾಡಿ, ನಿದ್ದೆಗೆಟ್ಟು ಬರುವವರು ಬಹಳ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಣ್ಣುಮಗಳೊಬ್ಬರು ಬೆಂಚಿನ ಮೇಲೆ ಬಲಗೈಯನ್ನು ತಲೆ ಮೇಲಿಟ್ಟುಕೊಂಡೇ ಕೂತಿದ್ದರು. ಯಾಕಮ್ಮ ಅಂದೆ. "ಹಿಂಗಿಟ್ಕೊಂಡ್ರೆ ಒಂಚೂರು ಹಾಯಾಗಿರುತ್ತೆ ಮೇಡಂ. ಇಳಿಸಿದ್ರೆ ಹೆಬ್ಬೆರಳವರೆಗೂ ಝುಮ್ ಅನ್ನುತ್ತೆ." ಪರೀಕ್ಷೆಗೆ ಮೊದಲೇ ಅರ್ಧ ಉತ್ತರ ಸಿಕ್ಕಿತು. ಕೈ ಮೇಲಿಟ್ಟಾಗ ನರದ ಬೇರಿನ, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಬುಡದ, ಎಳೆತ ಸಡಿಲವಾಗುತ್ತದೆ. ಕತ್ತಿನಿಂದ ಹೊರಡುವ ನರಗಳನ್ನು ‘ಸಿ’ ಅಂತ ನಂಬರಿಟ್ಟು ಕರೆಯುತ್ತೇವೆ: ಜೋಮು ಹೆಬ್ಬೆರಳಲ್ಲಿದ್ದರೆ ಸಾಮಾನ್ಯವಾಗಿ ಸಿ6 ನರ, ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8.

ಅವರು ಮನೆಯಲ್ಲಿ ತಲೆಯನ್ನು ಎಡಕ್ಕೆ ವಾಲಿಸಿ, ಕೈಯಿಂದ ಜಗ್ಗಿ ಹಿಡಿಯುತ್ತಿದ್ದರು. ಮೊದಲು ಅದನ್ನು ನಿಲ್ಲಿಸಿದೆ. ಕೆರಳಿದ ನರವನ್ನು ಎಳೆದು ಹಿಡಿದರೆ ಅದರೊಳಗಿನ ರಕ್ತಸಂಚಾರವೇ ತಗ್ಗುತ್ತದೆ. ಅದಕ್ಕೆ ಬೇಕಿರುವುದು ಜಾರಾಟ, ಲಂಗದ ನೇಫದೊಳಗೆ ಲಾಡಿ ಸರಿದಾಡುವ ಹಾಗೆ: ಒಂದು ತುದಿ ಎಳೆದಾಗ ಇನ್ನೊಂದು ತುದಿ ಬಿಡಬೇಕು. ತೋಳನ್ನು ಪಕ್ಕಕ್ಕೆತ್ತಿ ಮೊಣಕೈ ನೀಡುವಾಗ ತಲೆ ಅದೇ ಕೈಯ ಕಡೆಗೆ ತುಸು ವಾಲಬೇಕು, ಮೊಣಕೈ ಮಡಿಸುವಾಗ ನೆಟ್ಟಗಾಗಬೇಕು. ಎಲ್ಲೂ ತಡೆದು ಹಿಡಿಯಬಾರದು. ವಾಲಿಸಿದ್ದಕ್ಕೇ ಜೋಮು ಬಂದರೆ ತಲೆ ನೇರವಿಟ್ಟು ಕೈಯಷ್ಟೇ ಆಡಿಸಿದರೂ ಸಾಕು. ಗದ್ದ ಒಳಗೆಳೆಯುವುದು, ಭುಜದ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸುವುದು ಆಮೇಲೆ.

ಕೆಲವು ವಾರ ಕಳೆದ ಮೇಲೆ ಅವರು ಆತಂಕದಿಂದ ಬಂದರು: "ಬೆರಳು ಸರಿಹೋಯ್ತು, ಆದ್ರೆ ಕತ್ತೇ ಜಾಸ್ತಿ ನೋಯ್ತಿದೆ." ನನಗೆ ಖುಷಿಯಾಯಿತು. ನರದ ನೋವು ಬೆರಳಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ, ಕತ್ತಿಗೆ ಹಿಂದೆ ಸರಿಯುತ್ತಿದ್ದರೆ ಅದು ವಾಸಿಯಾಗುವ ದಾರಿ. ನೋವು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನೇ ನಾನು ಮೊದಲು ಕೇಳುವುದು. ಇದನ್ನು ಮೊದಲೇ ತಿಳಿಸದಿದ್ದರೆ, ಗುಣವಾಗುತ್ತಿರುವ ಹೊತ್ತಲ್ಲೇ ಜನ ವ್ಯಾಯಾಮ ಬಿಟ್ಟುಬಿಡುತ್ತಾರೆ.

ಬಹುತೇಕರಿಗೆ ವಾರಗಳು ಇಲ್ಲವೇ ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಈ ನೋವಿರುವಾಗ ಸಲೂನ್‌ನಲ್ಲಿ ಕತ್ತಿನ ಲಟಿಕೆ ಮಾತ್ರ ದಯವಿಟ್ಟು ತೆಗೆಸಬೇಡಿ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಕೈಹಿಡಿತ ಸೋತರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಬೆನ್ನುಹುರಿಯ ಮೇಲೇ ಒತ್ತಡ ಬಿದ್ದಿರಬಹುದು. ಆಗ ವ್ಯಾಯಾಮ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.