ಈಡಿನ ಅಳತೆಯ ಹುಡುಕಾಟ

ನಳಿಗೆಯ ಬಾಯಿಯಿಂದ ಮದ್ದು-ಗುಂಡು ತುಂಬುವ ನನ್ನ ರೈಫಲ್‌ಗೆ ಒಪ್ಪುವ ಈಡು, ಅಂದರೆ ಒಂದು ಸಲಕ್ಕೆ ತುಂಬುವ ಮದ್ದಿನ ಅಳತೆ, ಯಾವುದೆಂದು ಕಂಡುಕೊಳ್ಳಲು ಹಲವು ಬೆಳಗುಗಳನ್ನು ಕಳೆದಿದ್ದೇನೆ. ನಳಿಗೆಯ ಒಳವ್ಯಾಸ 0.50 ಅಂಗುಲ, ಅದಕ್ಕೆ 0.490 ಅಂಗುಲದ ಸೀಸದ ದುಂಡು ಗುಂಡನ್ನು ಎಣ್ಣೆ ಸವರಿದ ಹತ್ತಿಬಟ್ಟೆಯ ತುಂಡಿನಲ್ಲಿಟ್ಟು ತುಂಬುತ್ತೇನೆ.

ಕಪ್ಪು ಮದ್ದನ್ನು 50 ಗ್ರೇನ್‌ನಿಂದ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಆರಂಭಿಸಿ, ತಯಾರಕರು ಹೇಳಿದ ಗರಿಷ್ಠ ಮಿತಿಯನ್ನು ಎಂದೂ ದಾಟದೆ, ಪ್ರತಿ ಸಲ 5 ಗ್ರೇನ್ ಹೆಚ್ಚಿಸುತ್ತಾ, ಒಂದೊಂದು ಅಳತೆಗೂ ಐದು ಗುಂಡುಗಳನ್ನು ಹಾರಿಸಿದೆ. ಇಂದಿನ ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಇಂತಹ ಕೋವಿಗೆ ಹಾಕಿದರೆ ನಳಿಗೆಯೇ ಸಿಡಿಯಬಹುದು. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. 70 ಗ್ರೇನ್‌ಗೆ ಬಂದಾಗ ಗುರಿಹಲಗೆಯ ತೂತುಗಳು ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದವು, 80ಕ್ಕೆ ಏರಿಸಿದೊಡನೆ ಮತ್ತೆ ಚದುರಿದವು.

ಕಾರಣವನ್ನು ಹೇಳಿದ್ದು ಗುಂಡಿನ ಜೊತೆ ಹೊರಚಿಮ್ಮಿ ನೆಲದ ಮೇಲೆ ಬಿದ್ದಿದ್ದ ಬಟ್ಟೆತುಂಡುಗಳು. 70 ಗ್ರೇನ್‌ನ ತುಂಡು ನಡುವೆ ಕಪ್ಪಾಗಿ, ಅಂಚು ಮಾತ್ರ ಎಳೆಬಿಟ್ಟು, ಇಡಿಯಾಗಿ ಉಳಿದಿತ್ತು. 80ರದ್ದರಲ್ಲಿ ಗುಂಡು ಕುಳಿತಿದ್ದ ಜಾಗದ ಸುತ್ತ ಸುಟ್ಟ ತೂತುಗಳಿದ್ದವು. ಬಟ್ಟೆ ಸುಟ್ಟರೆ ಅನಿಲ ಪಕ್ಕದಿಂದ ನುಸುಳುತ್ತದೆ, ನಳಿಗೆಯ ಸುರುಳಿ ತೋಡುಗಳ ಹಿಡಿತ ಗುಂಡಿಗೆ ಸಿಗುವುದಿಲ್ಲ. ಹೀಗಾಗಿ ಮದ್ದನ್ನು ದೂರುವ ಮೊದಲು ತುಸು ದಪ್ಪನೆಯ ಬಟ್ಟೆಯಲ್ಲಿ 80ನ್ನು ಇನ್ನೊಮ್ಮೆ ಪರೀಕ್ಷಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಪ್ರತಿ ಗುಂಡಿನ ಬಳಿಕ ನಳಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿದೆ. ಗುಂಡು ಮದ್ದಿನ ಮೇಲೆ ಅಂತರವಿಲ್ಲದೆ ಕುಳಿತಿದೆಯೇ ಎಂಬುದನ್ನು ತುಂಬುಗೋಲಿನ ಮೇಲೆ ಗೀರಿದ ಗುರುತಿನಿಂದ ನೋಡಿಕೊಳ್ಳುತ್ತೇನೆ.